ಮೀನಿಗೆ ಇಟ್ಟ ನೀರು

ಗುತ್ತಲಿನ ಚಿಕ್ಕನಂಜಮ್ಮನ ಮನೆಗೆ ಗಾಜಿನ ತೊಟ್ಟಿ ಬಂದದ್ದು ನಲವತ್ತನಾಲ್ಕನೇ ಇಸವಿಯಲ್ಲಿ, ಯುಗಾದಿ ಕಳೆದು ಊರಲ್ಲಿ ವಾಂತಿಭೇದಿ ಕಾಣಿಸಿಕೊಂಡ ವಾರ. ಗಾಡಿಯ ತುಂಬ ನೆಲ್ಲುಹುಲ್ಲು ಹಾಸಿ, ನಡುವೆ ತೊಟ್ಟಿಯನ್ನಿಟ್ಟು, ಅವಳ ಗಂಡ ಬೆಟ್ಟಯ್ಯ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದ. ಪಕ್ಕದಲ್ಲಿ ಎರಡು ಸೀಮೆಎಣ್ಣೆ ಡಬ್ಬ. ಡಬ್ಬದೊಳಗೆ ಮೀನು.

ಬೆಟ್ಟಯ್ಯ ಆತಗೂರಿನ ಒಕ್ಕಲು ಮನೆಯವನು. ಜಮೀನನ್ನು ಅಣ್ಣನಿಗೆ ಬಿಟ್ಟು, ಚಳಿಜ್ವರ ತಡೆಯುವ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ನಾಲೆಯ ನೀರು ಹರಿದು ಕಬ್ಬು ಭತ್ತ ಬೆಳೆದ ಕಡೆಯೆಲ್ಲ ಸೊಳ್ಳೆಯೂ ಬೆಳೆದಿತ್ತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಬೆರಳುದ್ದದ ಮೀನುಗಳನ್ನು ಕಚೇರಿಯ ಕೊಳದಲ್ಲಿ ಸಾಕಿ, ಡಬ್ಬದಲ್ಲಿ ಹೊತ್ತುಕೊಂಡು ಹೋಗಿ ಊರೂರಿನ ಬಾವಿಗೆ, ಕಟ್ಟೆಗೆ ಬಿಡುವುದು ಅವನ ಕೆಲಸ. ಮಂಡ್ಯದಿಂದ ಮಳವಳ್ಳಿಯವರೆಗೂ ಜನ ಅವನನ್ನು ಮೀನ್ ಬೆಟ್ಟಯ್ಯ ಎಂದೇ ಕರೆಯುತ್ತಿದ್ದರು.

ಈಗ ವಾಂತಿಭೇದಿ ಬಂದದ್ದರಿಂದ ಎಲ್ಲ ಬಾವಿಗಳಿಗೂ ಬ್ಲೀಚಿಂಗ್ ಪೌಡರ್ ಹಾಕಬೇಕಾಗಿತ್ತು. ಪುಡಿ ಬಿದ್ದ ಬಾವಿಯಲ್ಲಿ ಮೀನು ಬದುಕುವುದಿಲ್ಲ. ಕಚೇರಿಯ ಕೊಳದ ನೀರನ್ನೂ ಜನ ತುಂಬಿಕೊಂಡು ಹೋಗುತ್ತಿದ್ದರು, ಅದಕ್ಕೂ ಪುಡಿ ಬೀಳುವುದಿತ್ತು. ಆರು ವರ್ಷದ ತಳಿ ಪೂರ್ತಿ ಹಾಳಾಗಬಾರದೆಂದು, ಹೆಲ್ತ್ ಇನ್ಸ್‌ಪೆಕ್ಟರ್ ಮಹದೇವಯ್ಯನವರು ಬಸುರಿ ಮೀನುಗಳನ್ನು ಆರಿಸಿ, ವಸ್ತುಪ್ರದರ್ಶನಕ್ಕೆಂದು ಮಾಡಿಸಿದ್ದ ಗಾಜಿನ ತೊಟ್ಟಿಯ ಸಮೇತ ಬೆಟ್ಟಯ್ಯನ ಮನೆಗೆ ಕಳಿಸಿದ್ದರು. ಹಿಂದೆಯೇ ಸೈಕಲ್ಲಿನಲ್ಲಿ ತಾವೂ ಬಂದರು.

"ನೋಡಮ್ಮ, ಬೆಟ್ಟಯ್ಯ ಹಗಲೆಲ್ಲ ನನ್ನ ಜೊತೆ ಬಾವಿ ತಿರುಗಬೇಕು. ಮೀನು ನೋಡ್ಕೊಳ್ಳೋಳು ನೀನೇ," ಎಂದರು ಚಿಕ್ಕನಂಜಮ್ಮನಿಗೆ.

"ಮೀನ್ ಸಾರ್ ಮಾಡಕ್ ಬತ್ತದೆ ಬುದ್ದಿ. ಸಾಕಕ್ ಬರಕಿಲ್ಲ."

ಮಹದೇವಯ್ಯ ನಗಲಿಲ್ಲ. ನಾಲ್ಕು ದಿನದಿಂದ ಅವರು ನಕ್ಕಿರಲಿಲ್ಲ. ಹಿತ್ತಲಲ್ಲಿ ರಾಗಿ ತುಂಬಿಡುತ್ತಿದ್ದ, ಸೊಂಟದೆತ್ತರದ ಎರಡು ಮಣ್ಣಿನ ಗುಡಾಣಗಳಿದ್ದವು. ಅವನ್ನು ತೊಳೆಸಿ ನೆರಳಿಗೆ ಇಡಿಸಿದರು. ಬಾವಿಯಿಂದ ಸೇದಿದ ನೀರನ್ನು ಇದಕ್ಕೆ ತುಂಬಿ ಪೂರಾ ಎರಡು ದಿನ ಬಿಡಬೇಕು, ಅಷ್ಟರಲ್ಲಿ ಪುಡಿಯ ಘಾಟು ಆರಿಹೋಗುತ್ತದೆ ಎಂದರು. ತಾಮ್ರದ ಹಂಡೆ, ಬಿಂದಿಗೆ ಮುಟ್ಟಿಸಬಾರದು, ತಾಮ್ರದ ಕಿಲುಬು ಮೀನಿಗೆ ವಿಷ. ಸಾಬೂನಿನ ಕೈ, ಎಣ್ಣೆಯ ಕೈ ಅದ್ದಬಾರದು. ಗುಡಾಣದ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ತೊಟ್ಟಿಗೆ ಸುರಿಯುವ ಮುಂಚೆ ಒಂದು ಕುಡಿಕೆಯಲ್ಲಿ ಒಂದೇ ಮೀನು ಬಿಟ್ಟು ಅರ್ಧ ದಿನ ನೋಡಬೇಕು.

"ಇನ್ನೂ ಒಂದು ಮಾತು," ಎಂದು ಹೊರಡುವಾಗ ಹೇಳಿದರು. "ಘಾಟು ಹೋಯ್ತು ಅಂದ್ರೆ ಪುಡಿಯ ಕಾವಲೂ ಹೋಯ್ತು ಅಂತ. ಮನೆಯೋರು ಕುಡಿಯೋದು ಘಾಟಿರೋ ನೀರು, ಅದನ್ನೂ ಕಾಯಿಸಿ. ಇದು ಮೀನಿಗೆ ಮಾತ್ರ."

ಚಿಕ್ಕನಂಜಮ್ಮ ಗುರುತಿಗೆಂದು ಗುಡಾಣಗಳ ಹೊಟ್ಟೆಗೆ ಕೆಮ್ಮಣ್ಣಿನ ಪಟ್ಟೆ ಬಳಿದಳು. ಕುಡಿಯುವ ನೀರಿನ ಬಿಂದಿಗೆ ಅಡಿಗೆಮನೆಯಲ್ಲಿ, ಮೀನಿನ ನೀರು ಹಿತ್ತಲಲ್ಲಿ.

ಅವಳ ಅತ್ತೆ ದೊಡ್ಡತಾಯಮ್ಮನಿಗೆ ಎಪ್ಪತ್ತರ ಹತ್ತಿರ. ಕಣ್ಣಿಗೆ ಪೊರೆ ಬಂದು ಮನುಷ್ಯರ ಮುಖವೂ ಮಸುಕಾಗಿತ್ತು. ಕಿರಿಮಗ ಹುಚ್ಚೀರಯ್ಯ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಆತಗೂರು ಬೇಡವೆಂದು ಬೆಟ್ಟಯ್ಯನ ಜೊತೆ ಬಂದಿದ್ದಳು. ಮೊದಲ ದಿನ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. "ತಿನ್ನಕ್ಕಾಗ್ದಿದ್ ಮೀನ್ಗೆ ನನ್ ಸೊಸೆ ನೀರ್ ಒರ್ಬೇಕಾ," ಎಂದು ಗೊಣಗಿದಳು. ಮೂರನೆಯ ದಿನಕ್ಕೆ ತೊಟ್ಟಿಯ ಮುಂದೆಯೇ ಚಾಪೆ ಹಾಸಿಕೊಂಡಳು. ಬೆಳಗಿನ ಬಿಸಿಲು ಗಾಜಿನ ಮೇಲೆ ಬಿದ್ದಾಗ ಮೀನುಗಳು ಓಡಾಡುವ ಹೊಳಪು ಅವಳ ಕಣ್ಣಿಗೂ ಕಾಣುತ್ತಿತ್ತು. ಮೂಗನ್ನು ಗಾಜಿಗೆ ತಾಗಿಸಿ ಕೂರುತ್ತಿದ್ದಳು.

"ಅಗೋ, ಒಂದ್ ಓಯ್ತು ಕಣಮ್ಮಿ! ಇವು ಇದ್ದಿದ್ರೆ ನಮ್ ಉಚ್ಚೀರ ಸಾಯ್ತಿರ್ಲಿಲ್ಲ, ಅಲ್ವಾ?"

"ಯಾರಿಗ್ ಗೊತ್ತು ಅತ್ತೆಮ್ಮ."

"ಇರ್ತಿದ್ದ. ಇರ್ತಿದ್ದ ಬುಡು."

ಅವಳಿಗೆ ಸಹಿಸಲಾಗದಿದ್ದದ್ದು ಬಾವಿಯ ನೀರಿನ ಘಾಟು. ಕಾಯಿಸಿದರೂ ಅದರ ನೆನಪು ನಾಲಿಗೆಯಲ್ಲಿ ಉಳಿಯುತ್ತದೆ ಎನ್ನುತ್ತಿದ್ದಳು. "ಬಾಯೊಳಕ್ಕೆ ಸುಣ್ಣ ಬಳ್ದಂಗಾಯ್ತದೆ. ನೀರು ಅಂದ್ರೆ ನೀರಂಗಿರ್ಬೇಕು," ಎಂದು ಚೊಂಬನ್ನು ದೂರ ತಳ್ಳುತ್ತಿದ್ದಳು. ಕಾಯಿಲೆ ತಡೆಯುವ ಸೂಜಿ ಚುಚ್ಚಲು ಬಂದವರನ್ನೂ ಬೈದು ಕಳಿಸಿದ್ದಳು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಚಿಕ್ಕನಂಜಮ್ಮ ಸೌದೆ ತರಲು ಹಿತ್ತಲಿಗೆ ಹೋದಾಗ ಅತ್ತೆ ಗುಡಾಣದ ಬಟ್ಟೆ ಸರಿಸಿ, ಚೊಂಬು ಅದ್ದಿ, ನಿಂತಲ್ಲೇ ಗಟಗಟನೆ ಕುಡಿಯುತ್ತಿದ್ದಳು. ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಬಹಳ ದಿನದ ಮೇಲೆ ಊರಿಗೆ ಹೋಗಿ ಬಂದವಳ ಹಾಗೆ ಉಸಿರು ಬಿಟ್ಟಳು. ಚಿಕ್ಕನಂಜಮ್ಮ ಬೇಡ ಎನ್ನಬೇಕೆಂದುಕೊಂಡಳು. ಮಹದೇವಯ್ಯ ಹೇಳಿದ್ದು ನೆನಪಿತ್ತು. ಆದರೆ ನೀರು ಎರಡು ದಿನ ನಿಂತದ್ದು, ಬಟ್ಟೆ ಕಟ್ಟಿದ್ದು, ಮೀನು ಆಡುವಷ್ಟು ಚೊಕ್ಕಟವಾದದ್ದು. ಇಷ್ಟರಲ್ಲಿ ಏನಾದೀತು ಎನ್ನಿಸಿತು. ಮುದುಕಿ ಮೂರು ದಿನದಿಂದ ನೆಟ್ಟಗೆ ನೀರೇ ಕುಡಿದಿರಲಿಲ್ಲ. ಅವಳು ಸೌದೆ ಎತ್ತಿಕೊಂಡು ಸದ್ದು ಮಾಡದೆ ಒಳಗೆ ಹೋದಳು.

ಮರುದಿನವೂ ನೋಡಿದಳು. ಆಗಲೂ ಸುಮ್ಮನಿದ್ದಳು.

ಪಕ್ಕದ ಮನೆಯ ಚಿಕ್ಕಬೋರಮ್ಮನ ಗಂಡ ಬೋರಯ್ಯನಿಗೆ ವಾಂತಿಭೇದಿ ಹತ್ತಿದ್ದು ಆ ಶುಕ್ರವಾರ. ಅವನು ಬಾಯಾರಿ ನೀರು ನೀರು ಎನ್ನುತ್ತಿದ್ದ, ಕೊಟ್ಟರೆ ಘಾಟೆಂದು ಉಗುಳುತ್ತಿದ್ದ. ಚಿಕ್ಕನಂಜಮ್ಮ ಆ ಹೊತ್ತು ಬಾವಿಕಟ್ಟೆಯಲ್ಲಿ ಸರದಿಗೆ ನಿಂತಿದ್ದಳು. ಚಿಕ್ಕಬೋರಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ಅಳುತ್ತ ನಿಂತಾಗ ಮನೆಯಲ್ಲಿದ್ದವಳು ದೊಡ್ಡತಾಯಮ್ಮ ಒಬ್ಬಳೇ.

"ತಾಯವ್ವ, ನಿಮ್ಮಟ್ಟಿಲಿ ಗಾಟಿಲ್ದ ನೀರ್ ಅದಂತಲ್ಲ. ಒಂದ್ ಚೊಂಬ್ ಕೊಡವ್ವ. ನನ್ ಗಂಡ ನೀರಿಲ್ದೆ ಸಾಯ್ತವ್ನೆ."

"ಅದುಕ್ ಯಾಕ್ ಅಳ್ತೀಯೆ. ನನ್ ಕಣ್ ಕಾಣಕಿಲ್ಲ, ನೀನೇ ಬಂದ್ ತುಂಬ್ಕೊ ಬಾ."

ಚಿಕ್ಕಬೋರಮ್ಮ ತನ್ನ ಮನೆಯ ಚೊಂಬನ್ನು ಗುಡಾಣಕ್ಕೆ ಅದ್ದಿ ತುಂಬಿಕೊಂಡಳು. ಸಂಜೆಯೊಳಗೆ ಮತ್ತೆರಡು ಸಲ ಬಂದಳು. ಬೋರಯ್ಯ ತೀರಿಕೊಂಡಾಗ ಬಾಯಿಗೆ ಬಿಟ್ಟದ್ದೂ ಅದೇ ನೀರು. ನೀರು ಕೊಟ್ಟ ಸಂಗತಿಯನ್ನು ದೊಡ್ಡತಾಯಮ್ಮ ಸೊಸೆಗೆ ಬಚ್ಚಿಡಲಿಲ್ಲ. "ಸಾಯೋನು ತಣ್ಣಗೆ ಕುಡ್ದ ಕಣೆ. ನಿನ್ ಮೀನ್ಗೇನ್ ಕಮ್ಮಿಯಾಗಿಲ್ಲ," ಎಂದಳು. ಚಿಕ್ಕನಂಜಮ್ಮ ದುಃಖದ ಮನೆಗೆ ಏನು ಮಾಡಿಕೊಡಬೇಕೆಂಬ ಯೋಚನೆಯಲ್ಲಿದ್ದಳು. ಯಾರ ಚೊಂಬು ಯಾವ ನೀರಿಗೆ ಬಿತ್ತೆಂದು ಕೇಳಲಿಲ್ಲ.

ಭಾನುವಾರ ಮುಂಜಾನೆ ದೊಡ್ಡತಾಯಮ್ಮ ಎದ್ದು ಹಿತ್ತಲಿಗೆ ಹೋದವಳು ಅಲ್ಲೇ ಕುಸಿದಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವಳ ಮೈಯಲ್ಲಿದ್ದ ನೀರೆಲ್ಲ ಹರಿದುಹೋಗಿತ್ತು. ಕೆನ್ನೆ ಒಳಗೆ ಹೋಗಿ, ಬೆರಳ ತುದಿಗಳು ಬಹಳ ಹೊತ್ತು ಬಟ್ಟೆ ಒಗೆದವಳ ಬೆರಳಿನಂತೆ ಸುಕ್ಕಿದವು. ಬೆಟ್ಟಯ್ಯ ಗಾಡಿ ತರಲು ಓಡಿದ. ಸುದ್ದಿ ಕೇಳಿದ ಮೂವರು ಗಾಡಿಯವರು ಎತ್ತಿಗೆ ಕಾಲುನೋವು ಎಂದರು. ನಾಲ್ಕನೆಯವನು ಗಾಡಿ ಕೊಟ್ಟ, ತಾನು ಬರಲಿಲ್ಲ.

ಚಿಕ್ಕನಂಜಮ್ಮ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಯಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಸೌಟಿನಲ್ಲಿ ಬಾಯಿಗೆ ಬಿಟ್ಟಳು. ಮುದುಕಿ ತುಟಿ ಬಿಗಿದಳು.

"ಆ ನೀರ್ ಕೊಡೆ," ಎಂದಳು. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಮೀನಿನ ನೀರ್ ಕೊಡು."

ಆಗ ಚಿಕ್ಕನಂಜಮ್ಮನಿಗೆ ಎಲ್ಲ ತಿಳಿಯಿತು. ಬೇಲಿ, ಚೊಂಬು, ಗುಡಾಣ, ಸರಿಸಿದ ಬಟ್ಟೆ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. "ಇದೇಯ ಅತ್ತೆಮ್ಮ. ಇದೇ ಆ ನೀರು," ಎಂದು ಸುಳ್ಳು ಹೇಳಿದಳು. ದೊಡ್ಡತಾಯಮ್ಮ ನಾಲ್ಕು ಸೌಟು ಕುಡಿದಳು. ಬೆಟ್ಟಯ್ಯ ಗಾಡಿ ಹೊಡೆದುಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಆಸ್ಪತ್ರೆಗೆ ಒಯ್ಯುವಂಥದ್ದೇನೂ ಉಳಿದಿರಲಿಲ್ಲ.

ಮಣ್ಣಿಗೆ ಒಯ್ದವರು ನಾಲ್ಕೇ ಜನ. ಗುಂಡಿಗೆ ಮಣ್ಣಿಗಿಂತ ಮೊದಲು ಅದೇ ಬಿಳಿಯ ಪುಡಿ ಬಿತ್ತು.

ಮರುದಿನ ಬೆಳಿಗ್ಗೆ ಮಹದೇವಯ್ಯನವರು ಇಬ್ಬರು ಆಳುಗಳೊಂದಿಗೆ ಬಂದರು. ಬಟ್ಟೆ ಸುಡಿಸಿದರು, ನೆಲಕ್ಕೆ ಪುಡಿನೀರು ಎರಚಿಸಿದರು, ಪಾತ್ರೆಗಳನ್ನೆಲ್ಲ ಕುದಿಸಿ ಎಂದರು. ಚಿಕ್ಕನಂಜಮ್ಮನನ್ನು ಕೇಳಿ ಕೇಳಿ ಗುಡಾಣದ ಕಥೆ ತಿಳಿದುಕೊಂಡರು. ಕೇಳುತ್ತ ಅವರ ಮುಖ ಕಪ್ಪಿಟ್ಟಿತು, ಬೈಯಲಿಲ್ಲ. ಎರಡೂ ಗುಡಾಣಗಳ ನೀರನ್ನು ಗುಂಡಿ ತೋಡಿ ಚೆಲ್ಲಿಸಿ, ಒಳಗೆ ಪುಡಿ ಉಜ್ಜಿಸಿದರು. ಆಮೇಲೆ ತೊಟ್ಟಿಯ ಮುಂದೆ ನಿಂತರು. ಅದಕ್ಕೆ ನಿನ್ನೆ ಮೊನ್ನೆಯೆಲ್ಲ ಸುರಿದದ್ದು ಅದೇ ಗುಡಾಣದ ನೀರು. ಮೀನುಗಳು ಏನೂ ಆಗಿಲ್ಲವೆಂಬಂತೆ ಈಜುತ್ತಿದ್ದವು.

"ಈ ನೀರನ್ನೂ ಚೆಲ್ಲಬೇಕಮ್ಮ. ಎರಡು ದಿನ ಕಾಯೋ ಹಾಗಿಲ್ಲ. ಮೀನು ಹೋದ್ರೆ ಹೋಗಲಿ."

ಗೋಡೆಗೊರಗಿ ಕೂತಿದ್ದ ಬೆಟ್ಟಯ್ಯ ಎದ್ದು ಬಂದ. "ನಾನೇ ಚೆಲ್ತೀನಿ ಬುದ್ದಿ. ಗಾಜನ್ನೂ ಒಡ್ದಾಕ್ತೀನಿ. ನಮ್ಮವ್ವನ್ ತಿಂದ ನೀರು ಇದು," ಎಂದು ತೊಟ್ಟಿಯ ಕಬ್ಬಿಣದ ಅಂಚಿಗೆ ಕೈ ಹಾಕಿದ.

ಚಿಕ್ಕನಂಜಮ್ಮ ಅವನ ಕೈ ಹಿಡಿದಳು. "ಮಳೆ ಬಿದ್ ಮೇಲೆ ಜ್ವರ ಬತ್ತದೆ. ಆವಾಗ ಬಾವಿಗೆ ಏನ್ ಬುಟ್ಟೀಯ?"

ಅವನು ಅಂಚಿನಿಂದ ಕೈ ತೆಗೆದ. ಅವಳು ಮಹದೇವಯ್ಯನ ಕಡೆ ತಿರುಗಿದಳು. "ಕಾಯ್ಸುದ್ರೆ ಗಾಟೂ ಓಯ್ತದೆ, ರೋಗಾನೂ ಸಾಯ್ತದೆ. ಅಲ್ವಾ ಬುದ್ದಿ? ಕಾಯ್ಸಿ ಆರ್ಸುದ್ರೆ ಇವು ಬದ್ಕಲ್ವಾ?"

ಕಾಯಿಸಿದ ನೀರಿನಲ್ಲಿ ಗಾಳಿ ಇರುವುದಿಲ್ಲ, ಮೀನಿಗೆ ಉಸಿರು ಕಟ್ಟುತ್ತದೆ ಎಂದರು ಮಹದೇವಯ್ಯ. ಪೂರ್ತಿ ಆರಿದ ಮೇಲೆ ಮೇಲಿಂದ ಕೆಳಕ್ಕೆ, ಒಂದು ಮಡಕೆಯಿಂದ ಇನ್ನೊಂದಕ್ಕೆ ನೂರಾರು ಸಲ ಹೊಯ್ದರೆ ಗಾಳಿ ಸೇರೀತು. ಮೀನುಗಳನ್ನು ಬಟ್ಟೆಯಲ್ಲಿ ಎತ್ತಿ, ಅಂಥ ನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ಬಿಡಬೇಕು. ಸಂಜೆಯೊಳಗೆ ಆಗದಿದ್ದರೆ ಎಲ್ಲವನ್ನೂ ಚೆಲ್ಲಿಬಿಡಿ ಎಂದು ಹೇಳಿ ಮುಂದಿನ ಮನೆಗೆ ಹೋದರು.

ಸಾವಿನ ಮನೆಯಲ್ಲಿ ಮೂರನೆಯ ದಿನದ ಹಾಲುತುಪ್ಪ ಆಗುವತನಕ ಒಲೆ ಹತ್ತಿಸುವ ಹಾಗಿರಲಿಲ್ಲ. ನೆಂಟರು ಅಡಿಗೆ ತಂದುಕೊಡುವ ವಾಡಿಕೆ. ಆ ಕಾಯಿಲೆಯಲ್ಲಿ ಯಾವ ನೆಂಟರೂ ಬಂದಿರಲಿಲ್ಲ. ಗಂಡ ಹೆಂಡತಿ ಹಿಂದಿನ ದಿನದಿಂದ ಉಪವಾಸವಿದ್ದರು. ಚಿಕ್ಕನಂಜಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು. ಹೊಗೆ ಏಳುತ್ತಿದ್ದಂತೆ ಓಣಿಯಲ್ಲಿ ಹೋಗುತ್ತಿದ್ದವಳೊಬ್ಬಳು ನಿಂತು, "ಅಯ್ಯೋ, ಅತ್ತೆ ಎಣ ಮಣ್ಗೋಗಿ ಒಂದ್ ದಿನ ಆಗಿಲ್ಲ, ಒಲೆ ಅತ್ಸವ್ಳೆ ನೋಡಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಚಿಕ್ಕನಂಜಮ್ಮ ಒಲೆಗೆ ಇನ್ನೊಂದು ಸೌದೆ ತುರುಕಿದಳು.

ಮಡಕೆ ಮಡಕೆಯಾಗಿ ಕಾಯಿಸಿದಳು. ಒಂದು ಕಾಯುವಾಗ ಇನ್ನೊಂದನ್ನು ಒದ್ದೆ ಗೋಣಿಯ ಮೇಲೆ ಆರಲಿಟ್ಟಳು. ಬೆಟ್ಟಯ್ಯ ಬಾಗಿಲಲ್ಲಿ ಬಂದು ನಿಂತಿದ್ದ. ಅವನ ಕಡೆ ನೋಡದೆ ಅವಳು ಹೇಳಿದಳು:

"ಅತ್ತೆಮ್ಮ ಆ ನೀರ್ ಕುಡೀತಿದ್ದುದ್ದ ನಾನ್ ಕಂಡಿದ್ದೆ. ಎರಡ್ ದಿನ ಕಂಡೆ. ಬ್ಯಾಡ ಅನ್ನಿಲ್ಲ. ನಿಂಗೂ ಏಳ್ನಿಲ್ಲ."

ಅವನು ಒಳಗೆ ಹೋದ. ಅವಳು ಬೆನ್ನು ಬಾಗಿಸಿ ಕೆಲಸ ಮುಂದುವರಿಸಿದಳು. ಆರಿದ ನೀರನ್ನು ತಲೆಯೆತ್ತರಕ್ಕೆ ಎತ್ತಿ ಕೆಳಗಿನ ಮಡಕೆಗೆ ಹೊಯ್ದಳು, ಅದನ್ನೆತ್ತಿ ಇದಕ್ಕೆ ಹೊಯ್ದಳು. ಮೂವತ್ತು ಸಲಕ್ಕೆ ತೋಳು ಸೋತಿತು. ಕೂತಳು, ಮತ್ತೆ ಎದ್ದಳು. ಆಗ ಬೆಟ್ಟಯ್ಯ ಬಂದು ಅವಳ ಕೈಯಿಂದ ಮಡಕೆ ತೆಗೆದುಕೊಂಡ.

"ಬುಧ್ವಾರ ಬೆಳಿಗ್ಗೆ ಅವ್ವ ನಂಗೂ ಒಂದ್ ಚೊಂಬ್ ಕೊಡ್ತು," ಎಂದ, ನೀರು ಹೊಯ್ಯುತ್ತಲೇ. "ನಿನ್ ಎಂಡ್ತಿಗ್ ಏಳ್ಬ್ಯಾಡ ಕಣ್ಲಾ ಅಂತು. ನಾನೂ ಕುಡ್ದೆ. ಸಂದಾಗದೆ ಕಣವ್ವ ಅಂದೆ. ದಿನಾ ಊರೋರ್ಗೆಲ್ಲ ಇಂಥಾ ನೀರ್ ಕುಡೀಬ್ಯಾಡಿ ಅಂತ ಸಾರ್ಕೊಂಡ್ ತಿರುಗೋನು ನಾನು."

ಅವನ ತೋಳು ನಿಲ್ಲಲಿಲ್ಲ. ಅವಳು ಕೆಳಗಿನ ಮಡಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಧ್ಯಾಹ್ನವೆಲ್ಲ ಇಬ್ಬರೂ ಸರದಿಯ ಮೇಲೆ ಹೊಯ್ದರು. ಅತ್ತದ್ದೂ ಆಗಲೇ, ಇಬ್ಬರೂ, ನೀರಿನ ಸದ್ದಿನಲ್ಲಿ.

ಸಂಜೆಗೆ ತೊಟ್ಟಿಯನ್ನು ಬರಿದು ಮಾಡಿ, ಪುಡಿ ಉಜ್ಜಿ, ಕಾಯಿಸಿದ ನೀರಿನಲ್ಲಿ ಮೂರು ಸಲ ತೊಳೆದು, ಹೊಸ ನೀರು ತುಂಬಿದರು. ಮೊದಲು ಒಂದನ್ನು ಬಿಟ್ಟು ನೋಡುವಷ್ಟು ಹೊತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಟ್ಟರು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಗಾಳಿ ಕುಡಿದವು. ಕತ್ತಲಾಗುವ ಮುಂಚೆ ಕೆಲವು ಮಗ್ಗುಲಾದವು. ಬೆಳಗಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಮಿಕ್ಕವು ತಳಕ್ಕಿಳಿದು, ಒಂದು ಮೂಲೆಯಲ್ಲಿ ಗುಂಪಾಗಿ, ಬಾಲ ಅಲ್ಲಾಡಿಸುತ್ತ ಇದ್ದವು. ಐದನೆಯ ದಿನ ಅವುಗಳಲ್ಲೊಂದು ಮರಿ ಹಾಕಿತು. ರೆಪ್ಪೆಯ ಕೂದಲಷ್ಟು ಸಣ್ಣ ಮರಿಗಳು.

ಗುಡಾಣಗಳನ್ನು ಚಿಕ್ಕನಂಜಮ್ಮ ಮತ್ತೆ ತುಂಬಿದಳು. ಈ ಸಲ ಬಟ್ಟೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಒಳಗೆ ಅದ್ದಲೆಂದೇ ಉದ್ದ ಹಿಡಿಯ ತೆಂಗಿನ ಚಿಪ್ಪಿನ ಸೌಟು ಮಾಡಿ, ಅದನ್ನು ಬಿಟ್ಟು ಬೇರೇನೂ ನೀರಿಗೆ ತಾಗದಂತೆ ನೋಡಿಕೊಂಡಳು. ಯಾರಾದರೂ ಹಿತ್ತಲಿಗೆ ಬಂದರೆ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಆ ಅಭ್ಯಾಸ ಅವಳನ್ನು ಕಡೆಯವರೆಗೂ ಬಿಡಲಿಲ್ಲ.

ಮಳೆಗಾಲ ಹಿಡಿದು ಕಾಯಿಲೆ ಇಳಿದ ಮೇಲೆ ಒಂದು ದಿನ ಚಿಕ್ಕಬೋರಮ್ಮ ಬಂದಳು. ಬಾಗಿಲ ಹೊರಗೇ ಕೂತಳು, ಕರೆದರೂ ಒಳಗೆ ಬರಲಿಲ್ಲ.

"ನಂಜಕ್ಕ, ಊರೋರು ಏನೇನೋ ಅಂತಾರೆ. ನನ್ ಚೊಂಬಿಂದ್ಲೇ ತಾಯವ್ವ ಓದ್ಲಾ?"

ಚಿಕ್ಕನಂಜಮ್ಮ ಈ ಪ್ರಶ್ನೆಗೆ ಎರಡು ತಿಂಗಳಿಂದ ಹೆದರಿದ್ದಳು. ಹೌದು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎಂದು ಇನ್ನೊಂದು ಸುಳ್ಳು ಹೇಳಲೂ ಮನಸ್ಸಾಗಲಿಲ್ಲ.

"ಇರ್ಬೋದು ಕಣೆ," ಎಂದಳು. "ಆದ್ರೆ ಆ ನೀರು ಕುಡಿಯೋದಲ್ಲ ಅಂತ ನಂಗ್ ಗೊತ್ತಿತ್ತು, ನಿಂಗ್ ಗೊತ್ತಿರ್ಲಿಲ್ಲ. ಗೊತ್ತಿದ್ದೋಳು ನಾನು ಬಾಯ್ ಮುಚ್ಕೊಂಡಿದ್ದೆ. ನೀನು ಗಂಡುಂಗೆ ನೀರ್ ಕೇಳ್ದೆ, ಅತ್ತೆಮ್ಮ ಕೊಡ್ತು. ಅದ್ರಲ್ಲಿ ತಪ್ಪೇನದೆ?"

ಚಿಕ್ಕಬೋರಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಚಿಕ್ಕನಂಜಮ್ಮ ಎದ್ದು ಹೋಗಿ ಅವಳ ಪಕ್ಕ ಹೊಸಿಲ ಆಚೆಯೇ ಕೂತಳು. ಜಡಿಮಳೆ ಇಬ್ಬರ ಕಾಲಿಗೂ ಸಿಡಿಯುತ್ತಿತ್ತು.

ಆ ವಾರವೇ ಬೆಟ್ಟಯ್ಯ ಮೊದಲ ಡಬ್ಬ ಮೀನು ಹೊತ್ತುಕೊಂಡು ಮದ್ದೂರಿನ ಕಡೆ ಹೊರಟ. ಕಚೇರಿಯ ಕೊಳ ತೊಳೆದು ತುಂಬಿದ ಮೇಲೆ ಗಾಜಿನ ತೊಟ್ಟಿ ಅಲ್ಲಿಗೇ ಮರಳಿತು. ಆ ವರ್ಷವೂ ಚಳಿಜ್ವರ ಬಂತು, ಕೆಲವು ಊರುಗಳಲ್ಲಿ ಹೆಚ್ಚು, ಕೆಲವು ಊರುಗಳಲ್ಲಿ ಕಡಿಮೆ. ಮೀನಿನಿಂದ ಎಷ್ಟು ಜನ ಉಳಿದರೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹೊಸ ಊರಿಗೆ ಹೋಗಿ ಬಂದಾಗಲೆಲ್ಲ ಬೆಟ್ಟಯ್ಯ ಹೆಂಡತಿಗೆ ಊಟ ಮಾಡುತ್ತ ಆ ಬಾವಿಯ ಹೆಸರು ಹೇಳುತ್ತಿದ್ದ. ಅವಳು ಕೇಳಿಸಿಕೊಂಡು, ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಿದ್ದಳು.